ಲೋಟದ ಕಡೆ ಹೊರಟ ಕೈ

ನನ್ನ ಹೆಂಡತಿಗೆ ಆ ಜ್ವರ ಬಂದದ್ದು ನಮ್ಮ ಮದುವೆಯಾದ ಮೂರನೆಯ ವರ್ಷ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಹುಬ್ಬಳ್ಳಿಯಿಂದ ವರ್ಗವಾಗಿ ಮದ್ರಾಸಿನ ಒಂದು ವಿಮಾ ಕಚೇರಿಗೆ ಬಂದವನು. ಅವಳು ವೆಸ್ಟ್ ಮಾಂಬಲಂನಲ್ಲೇ ಹುಟ್ಟಿ ಬೆಳೆದವಳು. ಅವಳ ತಂದೆ ಮೈಸೂರು ಕಡೆಯಿಂದ ರೈಲ್ವೆ ನೌಕರಿಗೆಂದು ಬಂದು ಅಲ್ಲೇ ನೆಲೆ ನಿಂತಿದ್ದರು. ಮನೆಯಲ್ಲಿ ಅವಳು ಮಾತಾಡುತ್ತಿದ್ದದ್ದು ತಮಿಳು ಬೆರೆತ ಮೈಸೂರು ಕನ್ನಡ, ನಾನು ನಮ್ಮೂರಿನದು. ತಮಿಳು ನನಗೆ ಬಸ್ಸು ಹತ್ತುವಷ್ಟು, ತರಕಾರಿ ಕೊಳ್ಳುವಷ್ಟು ಮಾತ್ರ ಬರುತ್ತಿತ್ತು.

ಹನ್ನೊಂದು ದಿನ ಕಾದು ಜ್ವರ ಇಳಿಯಿತು. ಮರುದಿನ ಬೆಳಿಗ್ಗೆ ಅವಳು ಕಾಫಿ ಲೋಟಕ್ಕೆ ಕೈ ಚಾಚಿದಳು. ಕೈ ಲೋಟವನ್ನು ದಾಟಿ ಹೋಯಿತು. ಹಿಂದಕ್ಕೆ ಬಂತು, ಪಕ್ಕಕ್ಕೆ ಸರಿಯಿತು, ಹತ್ತಿರವಾದಷ್ಟೂ ಹೆಚ್ಚು ಹೊಯ್ದಾಡಿತು. ಕೊನೆಗೆ ಲೋಟಕ್ಕೆ ಬಡಿದು ಕಾಫಿ ಹಾಸಿಗೆಯ ಮೇಲೆಲ್ಲ ಚೆಲ್ಲಿತು. ತೊಡೆಯ ಮೇಲೆ ಇಟ್ಟುಕೊಂಡರೆ ಅದೇ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. ಏನನ್ನಾದರೂ ತೆಗೆದುಕೊಳ್ಳಲು ಹೊರಟಾಗ ಮಾತ್ರ ದಾರಿ ತಪ್ಪುತ್ತಿತ್ತು. ಪೂಜೆಗೆ ಕುಳಿತು ಮೂರು ಬೆರಳಲ್ಲಿ ವಿಭೂತಿ ಹಚ್ಚಿಕೊಳ್ಳಲು ಹೋದರೆ ಹಣೆ ಬಿಟ್ಟು ಕಣ್ಣಿಗೆ ಬಡಿಯುತ್ತಿತ್ತು. ಎರಡು ದಿನ ನಾನೇ ಹಚ್ಚಿದೆ. ಮೂರನೆಯ ದಿನ ಅವಳು ಪೂಜೆಗೇ ಕೂರಲಿಲ್ಲ.

ಸರ್ಕಾರಿ ಆಸ್ಪತ್ರೆಯ ಡಾಕ್ಟರು ಪರೀಕ್ಷೆ ಮಾಡಿ, ಜ್ವರ ಕಿರುಮೆದುಳನ್ನು ಮುಟ್ಟಿ ಹೋಗಿದೆ ಎಂದರು. ತೋಳಿನಲ್ಲಿ ಬಲವಿದೆ, ಬುದ್ಧಿಗೆ ಏನೂ ಆಗಿಲ್ಲ, ಎಷ್ಟು ದೂರ, ಎಷ್ಟು ವೇಗ ಎಂಬ ಅಂದಾಜು ಮಾತ್ರ ಕೆಟ್ಟಿದೆ. ಚಿಕ್ಕ ವಯಸ್ಸು, ಬಹುಮಟ್ಟಿಗೆ ಸರಿಹೋದೀತು. ಆದರೆ ಕೈಗೆ ಮತ್ತೆ ಮೊದಲಿನಿಂದ ಕಲಿಸಬೇಕು. ಅವಳಿಗೆ ಆಗ ನೆಟ್ಟಗೆ ನಡೆಯಲೂ ಆಗುತ್ತಿರಲಿಲ್ಲವಾದ್ದರಿಂದ, ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ಒಬ್ಬರು ಮಂಗಳವಾರ, ಶುಕ್ರವಾರ ಸಂಜೆ ಮನೆಗೆ ಬರುವಂತೆ ಏರ್ಪಾಡಾಯಿತು.

ಬಂದವನು ನನ್ನದೇ ವಯಸ್ಸಿನವನು. ಸೈಕಲ್ಲನ್ನು ಮೆಟ್ಟಿಲ ಕೆಳಗೆ ನಿಲ್ಲಿಸಿ, ಪ್ಯಾಂಟಿಗೆ ಸಿಕ್ಕಿಸಿದ ಕ್ಲಿಪ್ ತೆಗೆದು ಜೇಬಿಗೆ ಹಾಕಿಕೊಂಡು, ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದ. ಮೊದಲ ಹತ್ತು ನಿಮಿಷ ನನಗೂ ಅವನು ಹಿಡಿಸಿದ. ಆಮೇಲೆ ಅವನು ಅವಳ ಎದುರಿಗೆ ಕುರ್ಚಿ ಎಳೆದುಕೊಂಡು ಕುಳಿತ. ತನ್ನ ತೋರುಬೆರಳನ್ನು ಅವಳ ಮುಂದೆ ಚಾಚಿದ. ಅವಳು ಮೊದಲು ತನ್ನ ಮೂಗಿನ ತುದಿ ಮುಟ್ಟಬೇಕು, ಆಮೇಲೆ ಅವನ ಬೆರಳ ತುದಿ. ಮತ್ತೆ ಮೂಗು, ಮತ್ತೆ ಬೆರಳು. ಅವನು ಪ್ರತಿ ಸಲ ಬೆರಳನ್ನು ಸ್ವಲ್ಪ ಸರಿಸುತ್ತಿದ್ದ. ಅವಳ ಬೆರಳು ತಪ್ಪುತ್ತ, ಅಲೆಯುತ್ತ ಅದನ್ನು ಹುಡುಕಿಕೊಂಡು ಹೋಗುತ್ತಿತ್ತು. ನಾನು ಬಾಗಿಲ ಪಕ್ಕ ನಿಂತು ನೋಡುತ್ತಿದ್ದೆ. ಅರ್ಧ ಗಂಟೆ ಅದೇ ನಡೆಯಿತು.

ಅವರಿಬ್ಬರೂ ಮಾತಾಡುತ್ತಿದ್ದದ್ದು ತಮಿಳಿನಲ್ಲಿ. ಎಷ್ಟೋ ಮಾತು ಆದ ಮೇಲೆ ಅವಳು ನನ್ನ ಕಡೆ ತಿರುಗಿ ಒಂದೆರಡು ವಾಕ್ಯ ಹೇಳುತ್ತಿದ್ದಳು.

"ಸಾರ್ ಹೇಳ್ತಿದಾರೆ, ಕೈ ಹೊರಡೋಕ್ಕೆ ಮುಂಚೇನೇ ತಲೆ ಒಳಗೆ ಪ್ಲಾನ್ ಆಗಿಬಿಟ್ಟಿರುತ್ತಂತೆ. ಮೊದಲು ಕಣ್ಣು ಹೋಗುತ್ತೆ, ಹಿಂದೇನೇ ಕೈ. ಹೋಗ್ತಾ ಹೋಗ್ತಾ ತಪ್ಪನ್ನ ತಿದ್ಕೊಂಡು ಹೋಗ್ಬೇಕು. ನನಗೆ ತಿದ್ದೋದು ಲೇಟಾಗ್ತಿದೆಯಂತೆ. ಲೇಟಾಗಿ ತಿದ್ದಿದ್ದನ್ನ ಮತ್ತೆ ತಿದ್ದೋಕೆ ಹೋಗಿ ಹೀಗೆ ಆಡುತ್ತೆ, ಅವ್ವಳವುದಾ, ಅಷ್ಟೇ."

"ಇಷ್ಟು ಹೇಳಾಕ ಅಷ್ಟೊತ್ತು ಬೇಕಾತೇನು?" ಎಂದೆ.

ಅವಳು ಅವನ ಕಡೆ ತಿರುಗಿ ಮತ್ತೆ ಮೂಗಿನ ತುದಿ ಮುಟ್ಟಿಕೊಂಡಳು.

ಅವನು ಬಾರದ ದಿನ ನಾನು ಬೆರಳು ಹಿಡಿಯಬೇಕಿತ್ತು. ಅವನು ಹಿಡಿದಷ್ಟೇ ದೂರದಲ್ಲಿ, ಅಷ್ಟೇ ಎತ್ತರದಲ್ಲಿ ಹಿಡಿಯುತ್ತಿದ್ದೆ. ಅವಳ ಬೆರಳು ನನ್ನದಕ್ಕೆ ಬರುವಾಗ ಹೆಚ್ಚು ನಡುಗುತ್ತಿತ್ತು. ಅದು ನನ್ನ ಕಲ್ಪನೆಯಲ್ಲ, ನಾನು ಸರಿಯಾಗಿ ಗಮನಿಸಿದ್ದೇನೆ. ಹತ್ತಿರ ಬಂದಾಗ ನನಗೆ ತಡೆಯಲಾಗುತ್ತಿರಲಿಲ್ಲ. ನಾನೇ ಬೆರಳನ್ನು ಮುಂದಕ್ಕೆ ಒಯ್ದು ತಾಗಿಸಿಬಿಡುತ್ತಿದ್ದೆ. ಲೋಟಕ್ಕೆ ಕೈ ಚಾಚಿದರೂ ಅಷ್ಟೆ, "ನಿಲ್ಲು, ನಾ ಕೊಡ್ತೇನಿ" ಎಂದು ಎತ್ತಿ ಅವಳ ಬಾಯಿಗೆ ಹಿಡಿಯುತ್ತಿದ್ದೆ. ನಾನು ಒಳ್ಳೆಯ ಗಂಡ ಎಂದು ನನ್ನನ್ನು ನಾನೇ ಮೆಚ್ಚಿಕೊಳ್ಳುತ್ತಿದ್ದೆ.

ಮೂರನೆಯ ವಾರ ಅವನು ಒಂದು ಪುಟ್ಟ ಚೀಲ ತಂದ. ಖಾಕಿ ಬಟ್ಟೆಯಲ್ಲಿ ಕೈಯಿಂದಲೇ ಹೊಲಿದದ್ದು, ಒಳಗೆ ಮರಳು, ಎರಡು ಕಡೆ ಕಟ್ಟಲು ದಾರ. ಮಣಿಕಟ್ಟಿಗೆ ಅದನ್ನು ಕಟ್ಟಿದರೆ ಭಾರಕ್ಕೆ ಕೈಯ ಹೊಯ್ದಾಟ ಕಡಿಮೆಯಾಗುತ್ತದೆಯಂತೆ. ನಿಜಕ್ಕೂ ಆಯಿತು. ಆ ಸಂಜೆ ಅವಳು ಮೊದಲ ಬಾರಿಗೆ ಅರ್ಧ ಲೋಟ ನೀರನ್ನು ತಾನೇ ಎತ್ತಿ ಕುಡಿದಳು. ಅವನು ಹೋದ ಮೇಲೆ ಚೀಲವನ್ನು ಸವರುತ್ತ, "ಬೆಸೆಂಟ್ ನಗರದ ಬೀಚ್ ಮಣ್ಣಂತೆ. ಭಾನುವಾರ ಹೋಗಿ ತಂದು, ತೊಳೆದು ಒಣಗಿಸಿದರಂತೆ" ಎಂದಳು.

ಆ ಬೀಚಿಗೆ ಅವಳನ್ನು ಕರೆದುಕೊಂಡು ಹೋಗುತ್ತೇನೆಂದು ನಾನು ಮದುವೆಯಾದ ಹೊಸತರಿಂದ ಹೇಳುತ್ತ ಬಂದಿದ್ದೆ. ಹೋಗಿರಲಿಲ್ಲ. ಭಾನುವಾರ ಆ ಮನುಷ್ಯ ಒಬ್ಬನೇ ಅಲೆಗಳ ಮುಂದೆ ಕೂತು, ನನ್ನ ಹೆಂಡತಿಯ ಮಣಿಕಟ್ಟಿನ ಅಳತೆಯನ್ನು ನೆನೆಯುತ್ತ ಮರಳು ತುಂಬಿಕೊಂಡದ್ದನ್ನು ನಾನು ಕಣ್ಣಿಗೆ ಕಟ್ಟಿದಂತೆ ಕಂಡೆ. ಒಂದು ಮಧ್ಯಾಹ್ನ ಬೇಗ ಬಂದಾಗ ಅವಳು ಆ ಚೀಲ ಕಟ್ಟಿಕೊಂಡೇ ನಿದ್ದೆ ಹೋಗಿದ್ದಳು. ಬಿಚ್ಚಿ ಕಪಾಟಿನ ಮೇಲಿಟ್ಟೆ. ಎದ್ದವಳು ಮೊದಲು ಹುಡುಕಿದ್ದು ಅದನ್ನೇ.

ಆಮೇಲೆ ನಿಲ್ಲಿಸುವ ಪಾಠ ಶುರುವಾಯಿತು. ಮೇಜಿನ ಮೇಲೆ ಖಾಲಿ ಲೋಟ. ಅವನು "ಎಡು" ಎಂದರೆ ಅವಳು ತೆಗೆದುಕೊಳ್ಳಲು ಹೊರಡಬೇಕು. ನಡುದಾರಿಯಲ್ಲಿ "ಇರು" ಎಂದರೆ ಇದ್ದಲ್ಲೇ ನಿಲ್ಲಬೇಕು. ಕೆಲವು ಸಲ ಅವನು ಇರು ಎನ್ನುತ್ತಿದ್ದ, ಕೆಲವು ಸಲ ಇಲ್ಲ. ಎರಡು ವಾರದಲ್ಲಿ ಅವಳು ಚೆನ್ನಾಗಿ ನಿಲ್ಲಿಸತೊಡಗಿದಳು. ಒಂದು ಶುಕ್ರವಾರ ಅವನು ನನ್ನನ್ನೂ ಮೇಜಿನ ಮುಂದೆ ಕೂರಿಸಿದ.

"ಎಡು" ಎಂದ. ನಾನು ಕೈ ಚಾಚಿದೆ. "ಇರು" ಎನ್ನುವಷ್ಟರಲ್ಲಿ ಲೋಟ ನನ್ನ ಕೈಯಲ್ಲಿತ್ತು. ಮತ್ತೊಮ್ಮೆ ಮಾಡಿಸಿದ. ಮತ್ತೆ ಹಾಗೇ. ಮೂರನೆಯ ಸಲ ನಿಲ್ಲಿಸಲೇಬೇಕೆಂದು ಹಲ್ಲು ಕಚ್ಚಿ ಕೂತಿದ್ದೆ. ಲೋಟ ಉರುಳಿ ನೆಲಕ್ಕೆ ಬಿತ್ತು. ಅವನು ತಮಿಳಿನಲ್ಲಿ ಏನೋ ಹೇಳಿದ. ಅವಳು ಜೋರಾಗಿ ನಕ್ಕಳು. ಜ್ವರ ಬಂದ ಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು.

"ಏನಂದಾ?"

"ನಿಮ್ಮ ಯಜಮಾನರ ಕೈ ತುಂಬಾ ಅವಸರ ಅಂತಾರೆ. ಸುಮ್ನೆ ಇರೋದೂ ತಲೆ ಮಾಡೋ ಕೆಲಸಾನೇ ಅಂತೆ. ಕೈ ಒಂದು ಮಟ್ಟ ದಾಟಿಬಿಟ್ರೆ ಆಮೇಲೆ ಎಷ್ಟು ಕೂಗಿದ್ರೂ ಅದಕ್ಕೆ ಕೇಳಿಸಲ್ವಂತೆ." ಹೇಳುತ್ತ ಹೇಳುತ್ತ ಅವಳಿಗೆ ಮತ್ತೆ ನಗು ಬಂತು.

ಆ ನಗುವಿಗೆ ನಾನು ಎಷ್ಟು ದಿನದಿಂದ ಕಾದಿದ್ದೆ. ಅದು ಬಂದಾಗ ಅವನ ಮಾತಿಗೆ ಬಂತು, ನನ್ನ ಮೇಲೆ ಬಂತು.

ಮುಂದಿನ ಮಂಗಳವಾರ ಆಫೀಸಿನಿಂದ ಬೇಗ ಹೊರಟು, ಮಾಂಬಲಂ ಸ್ಟೇಷನ್ ಹತ್ತಿರದ ತಿರುವಿನಲ್ಲಿ ಅವನಿಗಾಗಿ ನಿಂತೆ. ಸೈಕಲ್ ಕಂಡೊಡನೆ ಕೈ ಅಡ್ಡ ಹಾಕಿದೆ. ಡಾಕ್ಟರು ವಿಶ್ರಾಂತಿ ಹೇಳಿದ್ದಾರೆ, ನಾವು ತಿಳಿಸುವವರೆಗೆ ಬರುವುದು ಬೇಡ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಆ ಮೊದಲ ಪರೀಕ್ಷೆಯ ನಂತರ ಡಾಕ್ಟರನ್ನು ನಾನು ನೋಡಿಯೇ ಇರಲಿಲ್ಲ. ಅವನು ಒಂದು ಕ್ಷಣ ನನ್ನ ಮುಖ ನೋಡಿದ. "ಅವರ ಕೈ ಚೆನ್ನಾಗಿದೆಯಲ್ಲ?" ಎಂದಷ್ಟೇ ಕೇಳಿದ. ತನ್ನ ಕೈಚೀಲದಿಂದ ಒಂದು ಹಾಳೆ ತೆಗೆದು, ದಿನಕ್ಕೊಂದರಂತೆ ಮಾಡಿಸಬೇಕಾದ ಅಭ್ಯಾಸಗಳು ಇದರಲ್ಲಿವೆ ಎಂದು ಕೊಟ್ಟು ಸೈಕಲ್ ತಿರುಗಿಸಿದ. ಆ ಹಾಳೆಯನ್ನು ನಾನು ಆಫೀಸಿನ ಮೇಜಿನ ಡ್ರಾಯರಿನಲ್ಲಿ, ಹಳೆಯ ಪಾಲಿಸಿ ಫಾರಂಗಳ ಕೆಳಗೆ ಇಟ್ಟೆ.

ಆ ಸಂಜೆ ಅವಳು ಮುಖ ತೊಳೆದು, ಮೇಜಿನ ಮೇಲೆ ಲೋಟ ಇಟ್ಟುಕೊಂಡು ಕುಳಿತಿದ್ದಳು. ಏಳು ಗಂಟೆಯವರೆಗೂ ಕುಳಿತಿದ್ದಳು. ಶುಕ್ರವಾರವೂ ಹಾಗೇ ಆಯಿತು.

"ಸಾರ್‌ಗೆ ಹುಷಾರಿಲ್ವೋ ಏನೋ" ಎಂದಳು.

"ಆಸ್ಪತ್ರ್ಯಾಗ ಕೆಲಸ ಜಾಸ್ತಿ ಇರಬೇಕು. ನಾನೇ ಮಾಡಸ್ತೇನಿ, ಬಾ."

ಅವಳು ಬಂದಳು. ನನ್ನ ಬೆರಳಿನ ಕಡೆಗೆ ಬರುವಾಗ ಅವಳ ಕೈ ಮೊದಲಿಗಿಂತ ಕೆಟ್ಟಿತ್ತು. ನಾಲ್ಕನೆಯ ಸಲಕ್ಕೆ, ಸಾಕು ಎಂದು ಎದ್ದುಹೋದಳು. ಆಮೇಲೆ ಎರಡು ವಾರ ಅವಳು ಲೋಟಕ್ಕೆ ಕೈಯನ್ನೇ ಚಾಚಲಿಲ್ಲ. ನಾನು ಬಾಯಿಗೆ ಹಿಡಿದಾಗ ಕುಡಿಯುತ್ತಿದ್ದಳು.

ಒಂದು ದಿನ ಸಂಜೆ ಬಂದರೆ ಮನೆಗೆ ಬೀಗ. ಕೆಳಮನೆಯ ಮಾಮಿ, ಅವಳು ಮಧ್ಯಾಹ್ನವೇ ಸ್ಟೇಷನ್ ಕಡೆ ಹೋದಳು, ಜೊತೆಗೆ ಬರುತ್ತೇನೆಂದರೆ ಬೇಡವೆಂದಳು ಎಂದರು. ಜ್ವರ ಬಂದ ಮೇಲೆ ಅವಳು ಒಬ್ಬಳೇ ಬೀದಿಗೆ ಇಳಿದವಳಲ್ಲ. ನಾನು ಓಡಿದೆ. ಹೊತ್ತು ಇನ್ನೂ ಮುಳುಗಿರಲಿಲ್ಲ. ಎಲೆಕ್ಟ್ರಿಕ್ ಟ್ರೈನ್ ಆಗಷ್ಟೇ ಬಂದು ಹೋಗಿ, ಜನ ಸೇತುವೆಯ ಮೆಟ್ಟಿಲು ಇಳಿಯುತ್ತಿದ್ದರು. ಎಲ್ಲರೂ ಇಳಿದ ಮೇಲೆ ಅವಳು ಕಂಡಳು. ಮೆಟ್ಟಿಲ ಮೇಲೆ ನಿಂತು, ಕಂಬಿಯನ್ನು ಮೊದಲು ಕಣ್ಣಿಂದ ನೋಡಿ, ಆಮೇಲೆ ಕೈ ಚಾಚಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು. ಮಣಿಕಟ್ಟಿನಲ್ಲಿ ಆ ಖಾಕಿ ಚೀಲ. ನಾನು ಎರಡೆರಡು ಮೆಟ್ಟಿಲು ಹತ್ತಿ ಅವಳ ತೋಳು ಹಿಡಿಯಲು ಹೋದೆ.

"ಇರಿ" ಎಂದಳು.

ನನ್ನ ಕೈ ಅರ್ಧದಲ್ಲಿ ನಿಂತಿತು. ಅವಳು ನನ್ನನ್ನು ದಾಟಿ ಕೆಳಗೆ ಇಳಿದಳು. ನಾನು ಹಿಂದೆ ಇಳಿದೆ.

ಮನೆಯವರೆಗೂ ಅವಳು ಮುಂದೆ, ನಾನು ಹಿಂದೆ. ಬೀಗ ತೆಗೆಯಲು ಅವಳಿಗೆ ತುಂಬ ಹೊತ್ತು ಹಿಡಿಯಿತು; ಬೀಗದ ಕೈ ತೂತಿನ ಸುತ್ತ ಅಲೆದಾಡಿತು. ನಾನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಒಳಗೆ ಬಂದ ಮೇಲೆ ಅವಳು ಹೇಳಿದಳು:

"ಆಸ್ಪತ್ರೆಗೆ ಹೋಗಿದ್ದೆ. ಸಾರ್‌ಗೆ ನೀವೇ ಬೇಡ ಅಂದ್ರಂತೆ."

"ಹೌದು."

"ಯಾಕೆ?"

ನಾನು ಸುಳ್ಳು ಹುಡುಕಿದೆ, ಸಿಗಲಿಲ್ಲ. "ಅಂವಾ ಇದ್ದಾಗ ನಿನ್ನ ಕೈ ನೆಟ್ಟಗ ಹೋಗ್ತದ. ನನ್ನ ಕಡೆ ಬರಾಕ ಬ್ಯಾಡ ಅಂತದ. ನನಗ ಅದನ್ನ ನೋಡಾಕ ಆಗಲಿಲ್ಲ."

"ಅವರು ನನ್ನ ಕೈ ನೋಡ್ತಾರೆ ರೀ. ನೀವು ಲೋಟ ನೋಡ್ತೀರ. ಎಲ್ಲಿ ಬಿದ್ದೋಗುತ್ತೋ ಅಂತ. ನೀವು ಬೀಳುತ್ತೆ ಅಂದ್ಕೊಂಡಾಗ ನನಗೂ ಬೀಳುತ್ತೆ ಅನ್ನಿಸಿಬಿಡುತ್ತೆ." ಆಮೇಲೆ ಹೇಳಿದಳು, "ಹದಿನೈದು ದಿನ ಹೋಯ್ತು. ಅದಕ್ಕೆ ಮಾತ್ರ ನನಗೆ ಕೋಪ."

ಮರುದಿನ ರಜೆ ಹಾಕಿ ಆಸ್ಪತ್ರೆಗೆ ಹೋದೆ. ಅವನು ಒಬ್ಬ ಮುದುಕರ ಮೊಣಕೈಯನ್ನು ಕೆಳಗಿನಿಂದ ಆನಿಸಿ ಹಿಡಿದಿದ್ದ. ಮುದುಕರು ಗೋಡೆಯ ಗೂಟಕ್ಕೆ ಒಂದು ಬಳೆ ಸಿಕ್ಕಿಸಲು ಒದ್ದಾಡುತ್ತಿದ್ದರು. ನನ್ನನ್ನು ನೋಡಿದರೂ ಅವನು ಮೊಣಕೈ ಬಿಡಲಿಲ್ಲ. ಬಳೆ ಗೂಟಕ್ಕೆ ಬೀಳುವವರೆಗೂ ನಾನು ಕಾಯಬೇಕಾಯಿತು. ಕಾಯುವಾಗ ಅವನನ್ನು ನೋಡಿದೆ. ನನ್ನ ಮನೆಯಲ್ಲಿ ಅವಳನ್ನು ನೋಡುತ್ತಿದ್ದ ಅದೇ ಮುಖದಿಂದ ಅವನು ಆ ಮುದುಕರನ್ನೂ ನೋಡುತ್ತಿದ್ದ. ಅದರಿಂದ ನನಗೆ ಸಮಾಧಾನವಾಗಬೇಕಿತ್ತು. ಅಷ್ಟೇನೂ ಆಗಲಿಲ್ಲ.

ಸುಳ್ಳು ಹೇಳಿದೆ, ತಪ್ಪಾಯಿತು ಎಂದೆ. ಅವನು ತಲೆಯಾಡಿಸಿದ. ನಿಮ್ಮಂಥವರನ್ನು ಬಹಳ ನೋಡಿದ್ದೇನೆ, ಗಂಡಂದಿರು, ತಾಯಂದಿರು, ಎಲ್ಲರೂ ಲೋಟ ತಾವೇ ಹಿಡಿಯುತ್ತಾರೆ ಎಂದ. ನಾಳೆಯಿಂದ ಮನೆಗೆ ಬರುತ್ತೀರಾ ಎಂದು ಕೇಳಿದೆ. "ಬೇಡ. ಅವರು ನಿನ್ನೆ ಒಬ್ಬರೇ ಟ್ರೈನಿನಲ್ಲಿ ಬಂದರಲ್ಲ. ಇನ್ನು ಅವರೇ ಇಲ್ಲಿಗೆ ಬರಲಿ."

ಹಾಗಾಗಿ ಮುಂದಿನ ಒಂದು ವರ್ಷ ಅವಳೇ ವಾರಕ್ಕೆರಡು ಸಲ ಅವನಲ್ಲಿಗೆ ಹೋದಳು. ನನಗೆ ಮೊದಲು ನೋಡಲಾದರೂ ಸಿಗುತ್ತಿತ್ತು. ಈಗ ಅದೂ ಇಲ್ಲ. ಮಂಗಳವಾರ, ಶುಕ್ರವಾರ ಮಧ್ಯಾಹ್ನ ಆಫೀಸಿನಲ್ಲಿ ಪಾಲಿಸಿಗಳ ಮೇಲೆ ಸೀಲು ಒತ್ತುತ್ತ, ಈಗ ಬೆರಳಿಗೆ ಬೆರಳು ತಾಗಿತು, ಈಗ ತಾಗಿತು ಎಂದುಕೊಳ್ಳುತ್ತಿದ್ದೆ. ಮನೆಯಲ್ಲಿ ಅವಳು ಚಾಚಿದಾಗ ನನ್ನ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಕೂರುವುದನ್ನು ಕಲಿತೆ. ಲೋಟ ಬಿದ್ದರೆ ಬೀಳಲಿ. ಮೊದಮೊದಲು ದಿನಕ್ಕೆ ಎರಡು ಬಿದ್ದವು. ಆಮೇಲೆ ವಾರಕ್ಕೊಂದು. ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ತುಂಬ ದಣಿದ ದಿನ ಮಾತ್ರ ಕೈ ಸ್ವಲ್ಪ ದಾಟಿ ಹೋಗುತ್ತಿತ್ತು, ಈಗಲೂ ಹೋಗುತ್ತದೆ.

ಅವನಿಗೆ ಮದುರೆಯ ಕಡೆ ಬೇರೆ ಕೆಲಸ ಸಿಕ್ಕಿತು. ಎಗ್ಮೋರ್ ಸ್ಟೇಷನ್ನಿನಿಂದ ಹೊರಡುವ ದಿನ ಅವನಿಂದ ಕಲಿತವರು ಏಳೆಂಟು ಜನ ಕಳಿಸಿಕೊಡಲು ಹೋಗುತ್ತಾರೆ, ನೀವೂ ಬನ್ನಿ ಎಂದು ಅವಳು ಕರೆದಳು. ನಾನು ಅರ್ಧ ದಿನ ರಜೆ ಹಾಕಿದೆ. ಶರ್ಟು ಬದಲಾಯಿಸಿದೆ. ಆಮೇಲೆ ತಲೆನೋವು ಎಂದೆ. ಅವಳು ನನ್ನನ್ನು ಒಮ್ಮೆ ನೋಡಿ, ಅಮೃತಾಂಜನದ ಡಬ್ಬಿ ಎಲ್ಲಿದೆ ಎಂದು ಹೇಳಿ, ಒಬ್ಬಳೇ ಹೋದಳು. ತಿರುಗಿ ಬಂದದ್ದು ಆರೂವರೆಗೆ. ಟ್ರೈನ್ ಮುಕ್ಕಾಲು ಗಂಟೆ ತಡವಾಗಿ ಹೊರಟಿತಂತೆ. ಆ ಮುಕ್ಕಾಲು ಗಂಟೆ ಏನು ಮಾತಾಡಿದಿರಿ ಎಂದು ನಾನು ಕೇಳಲಿಲ್ಲ. ಅವಳು ಕಾಲು ತೊಳೆದು ಬಂದು ಅಡುಗೆಗೆ ಇಟ್ಟಳು.