ಎರಡನೆಯ ಬಟ್ಟಲು

ನಮ್ಮ ಕುಸುಮಾವತಿ ಅತ್ತೆಗೆ ಯಾರನ್ನಾದರೂ ಕೇಳಿ ತಿಳಿದುಕೊಳ್ಳುವ ಅಭ್ಯಾಸವೇ ಇರಲಿಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ ಮರುವರ್ಷ ಅವರು ಮಟ್ಟಂಚೇರಿಯ ಹೆಣ್ಣುಮಕ್ಕಳ ಶಾಲೆಯೊಂದಕ್ಕೆ ವಿಜ್ಞಾನದ ಟೀಚರಾಗಿ ಹೋದರು. ವಾಸ ತ್ರಿಪ್ಪುಣಿತ್ತುರದಲ್ಲಿ, ದಿನಾ ಬಸ್ಸು, ದೋಣಿ ಎರಡೂ ಹಿಡಿಯಬೇಕು. ವರ್ಷದೊಳಗೆ ಕೆಲಸ ಕಾಯಂ ಆಗದಿದ್ದರೆ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಬರಬೇಕೆಂದು ಅಜ್ಜ ಕರಾರು ಹಾಕಿದ್ದರು. ಅತ್ತೆಗೋ ಆ ಕೆಲಸದ ಮೇಲೆ ಪ್ರಾಣ.

ಕಾಯಂ ಮಾಡಬೇಕಾದ ಇನ್‌ಸ್ಪೆಕ್ಟರು ತಿರುವನಂತಪುರದಿಂದ ಬಂದದ್ದು ಫೆಬ್ರವರಿಯ ಸುಡುಬಿಸಿಲಿನಲ್ಲಿ. ಅಂದಿನ ಪಾಠ ಮಿಶ್ರಣಗಳದ್ದು. ಅತ್ತೆ ತಮ್ಮ ಹರುಕುಮುರುಕು ಮಲಯಾಳದಲ್ಲೇ ಜೋರಾಗಿ ಶುರು ಮಾಡಿದರು. ಒಂದು ಲೋಟ ನೀರಿಗೆ ಮರಳು ಹಾಕಿ ಕದಡಿದರು: ಇದು ಕಣ್ಣಿಗೆ ಕಾಣುವ ಮಿಶ್ರಣ, ಸೋಸಿದರೆ ಮರಳು ಬೇರೆ, ನೀರು ಬೇರೆ. ಇನ್ನೊಂದು ಲೋಟಕ್ಕೆ ಉಪ್ಪು ಹಾಕಿದರು: ಇದು ದ್ರಾವಣ, ಎಲ್ಲಿ ನೋಡಿದರೂ ಒಂದೇ ಸಮ, ಎಷ್ಟು ಸೋಸಿದರೂ ಉಪ್ಪು ಸಿಗುವುದಿಲ್ಲ, ನೀರನ್ನು ಕುದಿಸಿ ಬತ್ತಿಸಬೇಕು. ಆ ಉಪ್ಪುನೀರನ್ನು ಒಂದು ಬಟ್ಟಲಿನಲ್ಲಿ ಒಲೆಗಿಟ್ಟು, ಹೋಲಿಸಿ ನೋಡಲು ಎರಡನೆಯ ಬಟ್ಟಲಿನಲ್ಲಿ ಶಾಲೆಯ ಬಾವಿಯ ತಿಳಿನೀರನ್ನೇ ಇಟ್ಟರು. ಇದರ ತಳದಲ್ಲಿ ಏನೂ ಉಳಿಯುವುದಿಲ್ಲ ಎಂದು ಮೊದಲೇ ಸಾರಿಯೂಬಿಟ್ಟರು.

ನೀರು ಬತ್ತಿತು. ಎರಡು ಬಟ್ಟಲಿನ ತಳದಲ್ಲೂ ಬೆಳ್ಳಗೆ ಉಪ್ಪು.

ಇನ್‌ಸ್ಪೆಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಆಗ ಮುಂದಿನ ಬೆಂಚಿನ ರತ್ನ ಎದ್ದು ನಿಂತು, ಬೇಸಿಗೆ ಬಂತೆಂದರೆ ಹಿನ್ನೀರಿನ ಉಪ್ಪು ಈ ಬಾವಿಗೆ ಇಳಿಯುತ್ತದೆ, ಇದರಲ್ಲಿ ಪಾತ್ರೆ ಮಾತ್ರ ತೊಳೆಯುವುದು, ಕುಡಿಯುವ ನೀರು ದೋಣಿಯಲ್ಲಿ ಬರುತ್ತದೆ ಎಂದಳು. ಇಡೀ ತರಗತಿಗೆ ಗೊತ್ತಿದ್ದ ಸಂಗತಿ. ಗೊತ್ತಿಲ್ಲದವರು ಮನೆಯಿಂದಲೇ ಬಾಟ್ಲಿಯಲ್ಲಿ ಸಿಹಿನೀರು ತರುತ್ತಿದ್ದ ಅತ್ತೆ ಮತ್ತು ಆ ಇನ್‌ಸ್ಪೆಕ್ಟರು, ಇಬ್ಬರೇ.

ಅತ್ತೆ ನೆಪ ಹುಡುಕಲಿಲ್ಲ. ಎರಡನೆಯ ಬಟ್ಟಲನ್ನು ತರಗತಿಗೆ ತೋರಿಸಿ, "ಇದೂ ದ್ರಾವಣವೇ ಮಕ್ಕಳೇ. ತಿಳಿಯಾಗಿ ಕಂಡಿತೂಂತ ನಾನೇ ಮೋಸಹೋದೆ. ಮೊದಲೇ ನಿಮ್ಮತ್ರ ಕೇಳ್ಬೇಕಿತ್ತು" ಎಂದರಂತೆ. ಅವರ ಬಾಯಲ್ಲಿ ಆ ಮಾತು ಬಂತೆಂದು ಊರಲ್ಲಿ ಇವತ್ತಿಗೂ ಯಾರೂ ನಂಬುವುದಿಲ್ಲ. ನನಗಂತೂ ಅತ್ತೆಯ ಮೇಲೆ ಅಭಿಮಾನ ಹುಟ್ಟಿದ್ದೇ ಆ ಮಾತಿಗೆ.

ತಿಂಗಳು ಕಳೆದು ತಿರುವನಂತಪುರದಿಂದ ಕಾಗದ ಬಂತು: ಕೆಲಸ ಕಾಯಂ. ಅತ್ತೆ ಮನೆಯಲ್ಲಿ ಹೆಸರುಬೇಳೆ ಪಾಯಸ ಮಾಡಿ, ಹಿಡಿಕೆಯಿರುವ ತೂಕುಪಾತ್ರೆಯಲ್ಲಿ ತುಂಬಿಸಿಕೊಂಡು ಶಾಲೆಗೆ ಹೋಗಿ, ಮೊದಲ ಲೋಟವನ್ನು ರತ್ನಳಿಗೇ ಕೊಟ್ಟರು. ಅವಳು ಕುಡಿಯದೆ ಲೋಟದೊಳಗೆ ಇಣುಕಿ ನೋಡಿದಳು.

"ಟೀಚರೇ, ಇದಕ್ಕೆ ಯಾವ ಬಾವಿಯ ನೀರು ಹಾಕಿದ್ದು?"