ದೀಪ ಹಚ್ಚುವ ಪಾಳಿ

ಗೋಕಾಕದ ವೈದ್ಯೆ ಕೇಳಿದ್ದು ಸರಳ ಪ್ರಶ್ನೆ. ಮುಟ್ಟು ನಿಂತು ಎಷ್ಟು ದಿನವಾಯಿತು? ಹೆಂಡತಿ ಬಾಯಿ ತೆರೆಯುವ ಮೊದಲೇ ನಾನು ಹೇಳಿಬಿಟ್ಟೆ.

“ಶ್ರಾವಣದಿಂದ ಇಲ್ರಿ.”

ಅವಳು ನನ್ನತ್ತ ತಿರುಗಿದಳು. “ಯಾವ ಶ್ರಾವಣ? ಅದರ ಹಿಂದಿನ ದಸರಾದಾಗ ನಿಂತೈತಿ.”

“ಶ್ರಾವಣದಾಗ ನಾ ದೀಪ ಹಚ್ಚೇನಲ್ಲ?”

“ಅವಾಗ ನಾ ತವರಿಗೆ ಹೋಗಿದ್ನಿ.”

ವೈದ್ಯೆ ಪೆನ್ನು ಕೆಳಗಿಟ್ಟರು. “ಸರ, ಹೆಂಡ್ತಿ ಮುಟ್ಟಿನ ಲೆಕ್ಕ ದೀಪದ ಮ್ಯಾಲ ಇಡ್ತೀರೇನ್ರಿ?”

ಹೌದು, ನನ್ನ ಹತ್ತಿರ ಬೇರೆ ಲೆಕ್ಕವಿರಲಿಲ್ಲ. ಮೂಡಲಗಿಯ ನಮ್ಮ ಮನೆಯಲ್ಲಿ ಅವಳು ಹೊರಗಾದ ದಿನಗಳಲ್ಲಿ ದೇವರ ಮುಂದೆ ದೀಪ ಹಚ್ಚುವ ಪಾಳಿ ನನ್ನದು. ಅವ್ವನಿಗೆ ಮೊಣಕಾಲು ನೋವು, ಬಹಳ ಹೊತ್ತು ನಿಲ್ಲಲಾಗದು. ನಾನು ವಿಶ್ವವಿದ್ಯಾಲಯದಲ್ಲಿ ಓದಿ ದೇವರನ್ನು ಬಿಟ್ಟು ಬಂದವನು. ಆದರೆ ಅವ್ವನೊಡನೆ ವಾದ ಮಾಡುವುದಕ್ಕಿಂತ ಕಡ್ಡಿ ಗೀರುವುದು ಸುಲಭವಾಗಿತ್ತು. ಆ ಪಾಳಿ ಎಂದು ತಪ್ಪಿತು? ಶ್ರಾವಣದ ದಿನ ನನಗೆ ಸ್ಪಷ್ಟವಾಗಿ ನೆನಪಿದೆ. ಕಡ್ಡಿಪೆಟ್ಟಿಗೆ ತೇವವಾಗಿತ್ತು, ಮೂರನೆಯ ಕಡ್ಡಿಗೆ ಹತ್ತಿತು. ಅಷ್ಟು ಸ್ಪಷ್ಟವಾಗಿದೆಯೆಂದೇ ಈಗ ಅನುಮಾನ.

ರಕ್ತಪರೀಕ್ಷೆ ಎರಡು ಸಲ ಆಗಿತ್ತು, ಎರಡೂ ಸಲ ಉತ್ತರ ಒಂದೇ. ಮೂವತ್ತೇಳನೆಯ ವಯಸ್ಸಿಗೇ ಅಂಡಾಶಯ ಕೆಲಸ ನಿಲ್ಲಿಸಿತ್ತು. ಕಳೆದ ಚಳಿಗಾಲದಲ್ಲಿ ನಾವೆಲ್ಲ ಶಾಲು ಹೊದ್ದು ಕೂತಾಗ ಅವಳು ಮೈಯೆಲ್ಲ ಉರಿ ಎಂದು ಫ್ರಿಜ್ಜಿನ ಬಾಗಿಲು ತೆಗೆದು ನಿಲ್ಲುತ್ತಿದ್ದಳು. ನಾನು ತಮಾಷೆ ಮಾಡುತ್ತಿದ್ದೆ. ಅವಳು ನಗುತ್ತಿದ್ದಳೇ? ನಗುತ್ತಿದ್ದಳು ಅನಿಸುತ್ತದೆ.

“ಮುಟ್ಟು ನಿಂತದ್ದಷ್ಟ ಅಲ್ರಿ. ಎಲುಬಿಗೆ, ಹೃದಯಕ್ಕ ಆ ಹಾರ್ಮೋನ್ ಬೇಕ. ಐವತ್ತರ ಆಜೂಬಾಜೂ ತನಕ ಗುಳಿಗಿ ತಗೋಳ್ರಿ. ತಗೊಂಡ್ರ ತಿಂಗಳಾ ಮತ್ತ ಸ್ವಲ್ಪ ರಕ್ತ ಹೋಗತೈತಿ, ಗಾಬರಿ ಆಗಬ್ಯಾಡ್ರಿ,” ಎಂದರು ವೈದ್ಯೆ. ತವರಿನಲ್ಲಿ ಯಾರಿಗಾದರೂ ಹೀಗೆ ಬೇಗ ನಿಂತಿತ್ತೇ ಎಂದು ಕೇಳಿಕೊಂಡು ಬರಲೂ ಹೇಳಿದರು.

ಬಸ್ಸಿನಲ್ಲಿ ಗುಳಿಗೆಯ ಚೀಲ ಅವಳ ತೊಡೆಯ ಮೇಲಿತ್ತು. “ಮತ್ತ ಹೊರಗ ಕೂಡೂದಾ?” ಅಂದಳು. “ನಾ ತಗೋಳಂಗಿಲ್ಲ.”

ಅವಳ ಮಾತಿಗೆ ಕಾರಣವಿತ್ತು. ಮುಟ್ಟು ನಿಂತಿತೆಂದು ತಿಳಿದ ದಿನ ಅವ್ವ, “ಪಾಡಾತ ಬಿಡವಾ, ಬಿಡುಗಡಿ ಆತು,” ಎಂದು ಉಪ್ಪಿನಕಾಯಿ ಭರಣಿಗಳನ್ನೆಲ್ಲ ಅವಳ ವಶಕ್ಕೆ ಕೊಟ್ಟಿದ್ದಳು. ತಿಂಗಳಿಗೊಮ್ಮೆ ಮುಟ್ಟಬಾರದಿದ್ದ ಭರಣಿಗಳು ಅವು. ರೋಗವೆಂದು ವೈದ್ಯೆ ಹೇಳಿದ್ದು ಮನೆಯಲ್ಲಿ ಬಡ್ತಿಯಾಗಿತ್ತು. ವಿಜ್ಞಾನದ ಪರವಾಗಿ ಮಾತಾಡಿದರೆ ಅವಳನ್ನು ಮತ್ತೆ ಹೊರಗೆ ಕೂರಿಸಿದಂತೆ.

ಭಾನುವಾರ ಹುಕ್ಕೇರಿ ತಾಲೂಕಿನ ಕಣಗಲಾಕ್ಕೆ, ಅವಳ ತವರಿಗೆ ಹೋದೆವು. ಅತ್ತೆ ಜೋಳ ಹಸನು ಮಾಡುತ್ತಿದ್ದರು.

“ಯವ್ವಾ, ನಿನಗ ಯಾವಾಗ ನಿಂತಿತ್ತ?”

“ನಿನ್ನ ತಂಗಿ ಸಾಲಿಗೆ ಹೋಗೂಕಿಂತ ಮೊದಲ. ಲಗೂನ ನಿಂತಿತ್ತ.”

“ನಮಗ ಹೇಳಬೇಕಿಲ್ಲೇನ?”

“ಅಳ್ಯಾರ ಮುಂದ ಏನ ಕೇಳ್ತೀಯವಾ! ಅದೇನ ಹೇಳೂ ಮಾತಾ? ನನಗ ಖುಷಿ ಆಗಿತ್ತ.”

ಹೇಳುತ್ತ ಅವರು ಮೊರವನ್ನು ಬಲಗೈಯಿಂದ ಎಡಗೈಗೆ ಬದಲಿಸಿದರು. ಬಲ ಮಣಿಕಟ್ಟು ಸೊಟ್ಟಗೆ ಕೂಡಿದೆ. ಬಚ್ಚಲಲ್ಲಿ ಜಾರಿ ಮುರಿದದ್ದು ನಮ್ಮ ಮದುವೆಯ ವರ್ಷ ಎಂದು ನಾನು ನಂಬಿದ್ದೆ, ಹಾಗೆಂದೇ ಅಂದೆ. “ಜಾರಿಲ್ರಿ, ಕೊಡ ಎತ್ತೂ ಮುಂದ ಮುರೀತು. ಮದಿವಿಕಿಂತ ಮೊದಲ,” ಎಂದರು ಅತ್ತೆ. ಜಾರಿದ್ದನ್ನು ನಾನೆಲ್ಲಿ ಕೇಳಿದ್ದೆನೋ! ಹೆಂಡತಿ ಆ ಕೈಯನ್ನೇ ಬಹಳ ಹೊತ್ತು ನೋಡಿದಳು. ಅಲ್ಲಿಂದಲೇ ತಂಗಿಗೆ ಫೋನು ಮಾಡಿ, “ನಿನಗ ಹೊತ್ತಿಗೆ ಸರಿ ಆಗತೈತಿಲ್ಲೋ? ನಾಚಬ್ಯಾಡ, ಹೋಗಿ ತೋರಸ್ಕೋ,” ಅಂದಳು.

ಮನೆಗೆ ಬಂದು, ಗುಳಿಗೆ ತೆಗೆದುಕೊಳ್ಳುತ್ತೇನೆ, ಮತ್ತೆ ಮುಟ್ಟಾಗುತ್ತದೆ ಎಂದು ಅವ್ವನಿಗೆ ತಾನೇ ಹೇಳಿದಳು. ಅವ್ವ ಹಣೆ ಬಡಿದುಕೊಂಡಳು. “ಹಬ್ಬ ಬಂತಂದ್ರ ಮಂದಿ ಮುಟ್ಟ ಮುಂದಕ್ಕ ಹಾಕಾಕ ಗುಳಿಗಿ ನುಂಗ್ತಾರ. ನೀ ಮುಟ್ಟಾಗಾಕ ನುಂಗ್ತಿ?”

“ನಾಳಿ ನನ್ನ ಎಲುಬು ಮುರದ್ರ ನಿಮ್ಮನ್ನ ಎತ್ತಿ ಕುಂಡ್ರಸೋರ ಯಾರ್ರಿ ಅತ್ತಿ?”

ಅವ್ವ ಮೊಣಕಾಲು ತಿಕ್ಕಿಕೊಳ್ಳುತ್ತ ಕೂತಳು. ನಾನು ಏನಾದರೂ ಹೇಳಿದೆನೇ? ಹೇಳಿದೆ ಎಂದು ನನಗೆ ನೆನಪು, ಇಲ್ಲವೆಂದು ಹೆಂಡತಿ.

ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅಂಗಳದಿಂದ ಅವಳ ದನಿ ಬಂತು. “ಏನ್ರಿ, ಇವತ್ತ ದೀಪ ನೀವ ಹಚ್ರಿ.”

ದೇವರ ಜಗಲಿಯ ಮುಂದೆ ನಿಂತೆ. ಎಷ್ಟೋ ವರ್ಷ ಮಾಡಿದ ಕೆಲಸ, ಬತ್ತಿಯ ಡಬ್ಬಿ ಎಲ್ಲಿದೆಯೆಂದೇ ಹೊಳೆಯಲಿಲ್ಲ. ಅವಳು ಹೊರಗೆ ಕೂತದ್ದಕ್ಕೆ ಸಿಟ್ಟಾಗಬೇಕೋ, ಗುಳಿಗೆ ತೆಗೆದುಕೊಂಡದ್ದಕ್ಕೆ ಹಿಗ್ಗಬೇಕೋ ಗೊತ್ತಾಗದೆ ಸುಮ್ಮನೆ ಹುಡುಕುತ್ತಿದ್ದೆ.

“ಭರಣಿ ಬಾಜೂಕ ಐತಿ ನೋಡ,” ಎಂದಳು ಅವ್ವ ಮಂಚದಿಂದ. ಆಮೇಲೆ ಅಂಗಳಕ್ಕೆ ಕೇಳುವ ಹಾಗೆ, “ಚಾ ಕುಡದ ಗುಳಿಗಿ ತಗೊಂಡಾಳೇನ ಕೇಳ,” ಎಂದಳು.