ಎರಡು ಚಂದ್ರರ ಊರಿನಲ್ಲಿ ಪಂಚಮಿ

ಕತೆ ಓದುವಾಗ ನನಗೊಂದು ಕೆಟ್ಟ ಚಾಳಿ. ರಾಕ್ಷಸ ಬಂದ ಎಂದರೆ ಹೆದರುವ ಬದಲು, ಇವನು ದಿನಕ್ಕೆ ಎಷ್ಟು ತಿನ್ನಬೇಕು, ಅಷ್ಟನ್ನು ಬೇಯಿಸಿ ಹಾಕುವವರು ಯಾರು ಎಂದು ಲೆಕ್ಕಕ್ಕೆ ಕೂರುತ್ತೇನೆ. ಕುದುರೆಗೆ ರೆಕ್ಕೆ ಮೂಡಿತು ಎಂದರೆ, ಆ ರೆಕ್ಕೆ ಬಡಿಯುವಷ್ಟು ಮಾಂಸಖಂಡವನ್ನು ಅದರ ಎದೆಯಲ್ಲಿ ಎಲ್ಲಿ ಬಚ್ಚಿಟ್ಟಿದ್ದಾರೆ ಎಂದು ಹುಡುಕುತ್ತೇನೆ. ಗಂಡಭೇರುಂಡವನ್ನೂ ಬಿಟ್ಟವಳಲ್ಲ. ಸರ್ಕಾರಿ ಬಸ್ಸಿನ ಮೈಮೇಲೆ ಅದನ್ನು ಕಂಡಾಗಲೆಲ್ಲ, ಒಂದು ತಲೆ ಹೊನ್ನಾಳಿಗೆ ಹೋಗೋಣ ಎಂದೂ ಇನ್ನೊಂದು ಚನ್ನಗಿರಿಗೆ ಎಂದೂ ಹಟ ಹಿಡಿದರೆ ರೆಕ್ಕೆಗಳು ಯಾರ ಮಾತು ಕೇಳಬೇಕು ಎಂಬ ಚಿಂತೆ ನನಗೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ಕಲಿಸಿ ಹೀಗಾದೆನೋ, ಹೀಗಿದ್ದುದರಿಂದಲೇ ವಿಜ್ಞಾನ ಕಲಿಸಲು ಹೋದೆನೋ, ಹೇಳಲಾರೆ.

ಈ ಚಾಳಿಗೆ ಒಮ್ಮೆ ಅಧಿಕಾರವೇ ಸಿಕ್ಕಿಬಿಟ್ಟಿತು. ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಹೊನ್ನಾಳಿಯ ಸೊಸೆ, ಅಲ್ಲಿಯ ಹೈಸ್ಕೂಲಿನ ಟೀಚರು. ನನ್ನ ಮೈದುನ ವೀರೇಶ ನ್ಯಾಮತಿಯಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಕೂತು ಬೇರೊಂದು ಗ್ರಹದ ಮೇಲೆ ಕಾದಂಬರಿ ಬರೆಯುತ್ತಿದ್ದ. ಚನ್ನಗಿರಿಯಲ್ಲಿ ಸಣ್ಣದೊಂದು ವಾರಪತ್ರಿಕೆ ನಡೆಸುತ್ತಿದ್ದ ಸಂಪಾದಕರೊಬ್ಬರಿಗೆ ಅದು ಹಿಡಿಸಿತು. ಆದರೆ ಅವರದೊಂದು ಷರತ್ತು: ವಿಜ್ಞಾನ ಬಲ್ಲವರು ಯಾರಾದರೂ ಓದಿ, ಇಂಥದ್ದು ಇರಲು ಸಾಧ್ಯ ಎಂದರೆ ಮಾತ್ರ ಧಾರಾವಾಹಿಯಾಗಿ ಹಾಕುತ್ತೇನೆ. ವಿಜ್ಞಾನ ಬಲ್ಲವರನ್ನು ವೀರೇಶ ಎಲ್ಲಿ ಹುಡುಕಬೇಕು? ಮನೆಯಲ್ಲೇ ಅತ್ತಿಗೆ ಇದ್ದಳಲ್ಲ. ಭಾನುವಾರ ಬಂತೆಂದರೆ ಹಾಳೆಗಳನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ನ್ಯಾಮತಿಯ ಬಸ್ಸಿನಿಂದ ಇಳಿಯುತ್ತಿದ್ದ.

ಮೊದಲು ಬಂದದ್ದು ಇರುವೆ.

“ಅತ್ತಿಗೆ, ಆನೆ ಗಾತ್ರದ್ದು. ಆ ಗ್ರಹದಾಗೆ ಹೊಲ ಉಳಾಕೂ ಅದೇ, ಗಾಡಿ ಎಳಿಯಾಕೂ ಅದೇ. ಹೆಂಗೈತೆ?”

ನನಗೆ ಮೈಯೆಲ್ಲ ಉತ್ಸಾಹ. ಅಡುಗೆಮನೆಯಿಂದ ಎರಡು ರಾಗಿ ಮುದ್ದೆ ತಂದೆ. ಗೋಲಿಯಷ್ಟು ಹಿಟ್ಟನ್ನು ಚಿವುಟಿ ಆರು ಪೊರಕೆ ಕಡ್ಡಿ ಚುಚ್ಚಿ ನಿಲ್ಲಿಸಿದೆ, ಇರುವೆ ಠೀವಿಯಿಂದ ನಿಂತಿತು. ಆಮೇಲೆ ಇಡೀ ಮುದ್ದೆಗೆ ದಪ್ಪ ದಪ್ಪ ಕಡ್ಡಿ ಚುಚ್ಚಿದೆ. ಮಹಾ ಇರುವೆ ಕಾಲು ಚಾಚಿ ಕುಸಿದು ತಟ್ಟೆಗೆ ಮೆತ್ತಿಕೊಂಡಿತು. ಮೈ ಹತ್ತು ಪಟ್ಟು ಬೆಳೆದರೆ ಕಾಲಿನ ಬಲ ನೂರು ಪಟ್ಟು, ಹೊರಬೇಕಾದ ತೂಕ ಮಾತ್ರ ಸಾವಿರ ಪಟ್ಟು ಎಂದು ವಿವರಿಸಿದೆ. ಆನೆಯ ಕಾಲು ಕಂಬದಂತಿರುವುದು ಚೆಂದಕ್ಕಲ್ಲ ಎಂದೂ ಸೇರಿಸಿದೆ. ವೀರೇಶ ಇರುವೆಯನ್ನು ಹೊಡೆದುಹಾಕಿ ಅಲ್ಲಿ ಎತ್ತು ಎಂದು ಬರೆದುಕೊಂಡ.

“ಬ್ಯಾರೆ ಲೋಕದ ಇರುವೆ ಬದುಕಲಿ, ಸಾಯಲಿ,” ಎಂದರು ನಮ್ಮತ್ತೆ, “ಈ ಲೋಕದ ಮುದ್ದೆ ಯಾಕೆ ಹಾಳು ಮಾಡ್ತೀರಿ?”

ಎರಡನೆಯದು ಜಿಂಕೆಯಂಥ ಒಂದು ಪ್ರಾಣಿ. ಅದಕ್ಕೆ ನಾಲ್ಕು ಕೊಂಬು: ಮುಂದೆರಡು ಗಿಡ್ಡ, ಹಿಂದೆರಡು ಉದ್ದ. ಇದಕ್ಕೆ ಮುದ್ದೆಯನ್ನೂ ವ್ಯರ್ಥ ಮಾಡಲಿಲ್ಲ. ಹಾಯಲು ಎರಡು ಸಾಕಾಗಿರುವಾಗ ನಾಲ್ಕು ಬೆಳೆಸಲು ಪ್ರಕೃತಿಗೇನು ಬೇರೆ ಕೆಲಸ ಇಲ್ಲವೇ ಎಂದು ಕೇಳಿ ನಕ್ಕುಬಿಟ್ಟೆ. “ಅದು ನನಗೆ ಭಾಳ ಸೇರಿತ್ತು ಅತ್ತಿಗೆ,” ಎಂದು ಅವನು ಮೆಲ್ಲಗೆ ಗೀಟು ಎಳೆದ.

ಮೂರನೆಯದು ಇಡೀ ಕಾದಂಬರಿಯ ಪ್ರಾಣ. ಅವನ ಗ್ರಹಕ್ಕೆ ಎರಡು ಚಂದ್ರ. ಎರಡೂ ಒಂದೇ ದಾರಿಯಲ್ಲಿ, ಎದುರುಬದುರಾಗಿ, ಗಾಣದ ಎತ್ತುಗಳಂತೆ ಸುತ್ತುತ್ತವೆ. ಒಂದೇ ದಾರಿಯಲ್ಲಿ ಹಾಗೆ ಎದುರುಬದುರು ಬಹಳ ಕಾಲ ನಿಲ್ಲಲಾರವು. ಸ್ವಲ್ಪ ಜಗ್ಗಾಟವಾದರೂ ಸಾಕು, ಇಂದಲ್ಲ ನಾಳೆ ಒಂದು ಇನ್ನೊಂದರ ಮೇಲೆ ಹೋಗುತ್ತದೆ. ಒಂದನ್ನು ಕಿತ್ತುಹಾಕದೆ ಗತ್ಯಂತರವಿಲ್ಲ. ನನ್ನ ಮುಖ ನೋಡಿಯೇ ಅವನಿಗೆ ಗೊತ್ತಾಯಿತು.

“ಇದೊಂದನ್ನ ಕೊಲ್ಲಬ್ಯಾಡ್ರಿ ಅತ್ತಿಗೆ. ಇದೂ ಹೋದ್ರೆ ನಾನು ಬರೆಯಾದು ಬಿಟ್ಟು ಸುಮ್ನೆ ರೇಡಿಯೊ ಬಿಚ್ಕಂತ ಕೂರ್ತೀನಿ.”

ಪಂಚಮಿಯೊಳಗೆ ತೀರ್ಪು ಹೇಳಬೇಕೆಂದು ಚನ್ನಗಿರಿಯಿಂದ ಒತ್ತಾಯ ಬೇರೆ. ನೋಡೋಣ ಎಂದೆ. ಮನಸ್ಸಿನಲ್ಲಿ ಆಗಲೇ ತೀರ್ಪು ಬರೆದಾಗಿತ್ತು.

ಪಂಚಮಿ ಎಂದರೆ ನಮ್ಮ ಕಡೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಬಂದು ತವರಿಗೆ ಕರೆದೊಯ್ಯಬೇಕು, ಜೋಕಾಲಿ ಆಡಬೇಕು, ಉಂಡೆ ತಿನ್ನಬೇಕು. ನನ್ನ ತವರು ಜಗಳೂರು. ಆಗ ಹೊನ್ನಾಳಿ ಶಿವಮೊಗ್ಗ ಜಿಲ್ಲೆ, ಜಗಳೂರು ಚಿತ್ರದುರ್ಗ ಜಿಲ್ಲೆ, ನಡುವೆ ದಾವಣಗೆರೆಯ ಬಸ್‌ಸ್ಟ್ಯಾಂಡಿನ ನೂಕುನುಗ್ಗಲು. ವರ್ಷಕ್ಕೊಮ್ಮೆ ಪಂಚಮಿಗೆ ಹೋಗುವುದು, ಬರುವುದು. ಯಾರೂ ವಿಧಿಸಿದ್ದಲ್ಲ, ಹಾಗೆ ನಡೆದುಕೊಂಡು ಬಂದದ್ದು. ವಾಪಸು ಬಂದ ಮಾರನೆಯ ದಿನದಿಂದಲೇ ಮುಂದಿನ ಪಂಚಮಿಯ ದಾರಿ ಕಾಯುತ್ತಿದ್ದೆ. ಇದನ್ನು ಮಾತ್ರ ಯಾರ ಮುಂದೆಯೂ ಬಾಯಿ ಬಿಟ್ಟವಳಲ್ಲ.

ಆ ವರ್ಷ ಕರೆಯಲು ತಮ್ಮ ತಿಪ್ಪೇಸ್ವಾಮಿ ಬಂದ. ಅವತ್ತೇ ತೀರ್ಪು ಕೇಳಲು ವೀರೇಶನೂ ಬಂದಿದ್ದ. ಅತ್ತೆ ನನ್ನ ಜೊತೆ ಕಳಿಸಲು ಎಳ್ಳುಂಡೆ ಕಟ್ಟುತ್ತಿದ್ದರು. ವೀರೇಶ ತನ್ನ ಸತ್ತ ಪ್ರಾಣಿಗಳ ಕತೆಯನ್ನೆಲ್ಲ ನನ್ನ ತಮ್ಮನ ಮುಂದೆ ತೋಡಿಕೊಂಡ. ನಾಲ್ಕು ಕೊಂಬಿನ ವಿಷಯ ಬಂದದ್ದೇ ತಮ್ಮ ಕೈಯಲ್ಲಿದ್ದ ಚಹಾದ ಲೋಟ ಕೆಳಗಿಟ್ಟ.

“ಮುಂದೆ ಗಿಡ್ಡ, ಹಿಂದೆ ಉದ್ದ? ಅಕ್ಕಾ, ಅದು ಕೊಂಡುಕುರಿ ಅಲ್ಲೇನೇ! ನಮ್ಮೂರ ಕಡೆ ಕಾಡಿನಾಗೇ ಅದಾವೆ. ನಾನೇ ನೋಡೀನಿ.”

ಕೂಡಲೇ ಪುಸ್ತಕ ತೆರೆದು ನೋಡಿದೆ. ನಿಜವೇ. ನಾಲ್ಕು ಕೊಂಬಿನ ಕಾಡುಪ್ರಾಣಿ ಎಂದು ಈ ಭೂಮಿಯ ಮೇಲೆ ಇರುವುದು ಅದೊಂದೇ, ಇರುವ ಜಾಗಗಳಲ್ಲಿ ನನ್ನ ತವರೂ ಒಂದು! ನಾಚಿಕೆಯಾಗಬೇಕಿತ್ತು, ಆದರೆ ಖುಷಿಯೇ ಮುಂದಾಯಿತು, ಕುಣಿಯುವುದೊಂದು ಬಾಕಿ. ಯೋಚಿಸಿ ನೋಡಿ, ಜಿರಾಫೆಯನ್ನು ವೀರೇಶ ಕಲ್ಪಿಸಿ ತಂದಿದ್ದರೆ ಅಷ್ಟು ಎತ್ತರಕ್ಕೆ ರಕ್ತ ಏರುವುದು ಹೇಗೆ ಎಂದು ಕೇಳಿ ಅದನ್ನೂ ಮುಗಿಸುತ್ತಿದ್ದೆ. ಮೊಟ್ಟೆ ಇಟ್ಟು, ಮರಿಗೆ ಹಾಲೂ ಕುಡಿಸುವ ಪ್ಲಾಟಿಪಸ್ಸಿಗಂತೂ ಹೊಸಿಲು ದಾಟಲು ಬಿಡುತ್ತಿರಲಿಲ್ಲ. ಅವೆಲ್ಲ ನನ್ನನ್ನು ಕೇಳದೆ ಹುಟ್ಟಿಕೊಂಡದ್ದು ಎಷ್ಟು ಒಳ್ಳೆಯದಾಯಿತು.

ಕೊಂಡುಕುರಿ ಬದುಕಿದ ಹುಮ್ಮಸ್ಸಿನಲ್ಲಿ ಚಂದ್ರನನ್ನೂ ಮತ್ತೆ ಕೈಗೆತ್ತಿಕೊಂಡೆ. ಸಾಯಿಸುವುದು ಹೇಗೆ ಎಂದಲ್ಲ, ಉಳಿಸುವುದು ಹೇಗೆ ಎಂದು. ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಗೀಚಿದೆ. ಒಂದೇ ದಾರಿ ಯಾಕೆ? ಒಂದು ಚಂದ್ರನನ್ನು ಎರಡರಷ್ಟು ದೂರಕ್ಕೆ ತಳ್ಳಿದರಾಯಿತು. ಹತ್ತಿರದವನು ತಿಂಗಳಿಗೊಂದು ಸುತ್ತು ಬಂದರೆ ದೂರದವನಿಗೆ ಹೆಚ್ಚುಕಡಿಮೆ ಮೂರು ತಿಂಗಳು. ಒಬ್ಬನಿಗೊಬ್ಬ ಅಡ್ಡವಿಲ್ಲ. ಅವರವರ ಹುಣ್ಣಿಮೆ ಅವರವರಿಗೆ, ಅವರವರ ಅಮಾವಾಸ್ಯೆ ಅವರವರಿಗೆ.

“ಹಂಗಾದ್ರೆ ಅಲ್ಲಿ ಯಾವ ಅಮಾಸಿಗೆ ಎತ್ತು ಹೂಡಂಗಿಲ್ಲ?” ವೀರೇಶ ಉಸಿರು ಬಿಡದೆ ಕೇಳಿದ.

“ಎರಡಕ್ಕೂ!” ಎಂದೆ. ನನ್ನ ನಾಲಿಗೆಗೂ ಲಗಾಮು ತಪ್ಪಿತ್ತು. “ಎರಡನೇ ಚಂದ್ರಗೂ ಒಂದು ಶ್ರಾವಣ ಇರತೈತೆ. ಅದರ ಅಮಾಸಿ ಕಳದು ಐದನೇ ತಿಥಿಗೆ ಇನ್ನೊಂದು ಪಂಚಮಿ! ಅಂದ್ರೆ ಅಲ್ಲಿ ಹೆಣ್ಮಕ್ಕಳು ವರ್ಷಕ್ಕೆ ಎರಡು ಸಲ ತವರಿಗೆ ಹೋಗ್ತಾರೆ! ಈ ಚಂದ್ರ ಬೇಕೇ ಬೇಕು ವೀರೇಶ, ತೆಗೀಬ್ಯಾಡ!”

ದನಿ ಜೋರಾಗಿತ್ತೆಂದು ತೋರುತ್ತದೆ. ತೀರ್ಪು ಕೊಟ್ಟದ್ದು ಹೊನ್ನಾಳಿ ಹೈಸ್ಕೂಲಿನ ಟೀಚರಲ್ಲ, ಜಗಳೂರಿನ ಮಗಳು ಎಂಬುದು ಎಲ್ಲರಿಗೂ ತಿಳಿದುಹೋಯಿತು. “ಹಂಗಾರೆ ನಾನು ಎರಡು ಸಲ ಕರಿಯಾಕೆ ಬರಬೇಕೇನು?” ಎಂದು ತಮ್ಮ ನಗಿಸಲು ನೋಡಿದ. ನನಗೆ ನಗು ಬರಲಿಲ್ಲ, ಕಣ್ಣು ತುಂಬಿತು.

ಅತ್ತೆ ಉಂಡೆಯಿಂದ ಕಣ್ಣು ಕೀಳದೆಯೇ ಅಂದರು: “ಅಲ್ಲವ್ವಾ, ನಮಗೆ ಚಂದ್ರ ಒಂದೇ ಐತೆ ಅಂತ ತವರಿಗೂ ಒಂದೇ ಸಲ ಹೋಗಬೇಕು ಅಂತ ನಿನಗೆ ಯಾರು ಹೇಳಿದ್ರು? ನೀನು ಕೇಳಲಿಲ್ಲ, ನಾವು ಅನ್ನಲಿಲ್ಲ. ದೀಪಾವಳಿಗೂ ಹೋಗಿ ಬಾ.”

ಎಷ್ಟೆಲ್ಲ ಲೋಕಗಳನ್ನು ನಿಲ್ಲಿಸಿ, ಇದು ಸಾಧ್ಯವೇ ಎಂದು ಕೇಳಿದವಳು ನಾನು. ಆ ಪ್ರಶ್ನೆಯನ್ನು ನನ್ನದೇ ಮನೆಯಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಧಾರಾವಾಹಿ ಅಚ್ಚಾಯಿತು, ಎರಡು ಚಂದ್ರ, ನಾಲ್ಕು ಕೊಂಬು ಸಮೇತ. ದೀಪಾವಳಿಗೆ ಜಗಳೂರಿಗೆ ಹೋದಾಗ ತಮ್ಮ ನನ್ನನ್ನು ಕಾಡಿನ ಅಂಚಿಗೆ ಕರೆದುಕೊಂಡು ಹೋದ. ಕುರುಚಲು ಗಿಡಗಳ ನಡುವೆ ಬಿಸಿಲು ಇಳಿಯುವವರೆಗೂ ಕಾದೆವು. ಕೊಂಡುಕುರಿ ಕಾಣಲಿಲ್ಲ.

“ಇರಲಿ ಬಿಡೋ,” ಎಂದೆ, “ಮುಂದಿನ ಸಲ ಬಂದಾಗ ನೋಡಿದ್ರಾತು.”

ಮುಂದಿನ ಸಲ ಎಂಬ ಮಾತು ಬಾಯಿಗೆ ಎಷ್ಟು ಸಲೀಸಾಗಿ ಬಂತು!